ಹಳೆಯದನ್ನು ರಿಪೇರಿ ಮಾಡುವುದೋ, ಹೊಸದನ್ನು ಕಟ್ಟುವುದೋ? ಉತ್ತರ ಕನ್ನಡದ ನೀರಿಗೆ ತಕ್ಕ ಸಣ್ಣ ಹಾಯಿದೋಣಿ

ಸಣ್ಣದೊಂದು ಹಾಯಿದೋಣಿಯನ್ನು ಕೈಯಾರೆ ಮಾಡಿಕೊಳ್ಳಬೇಕು ಅಂತ ನಮ್ಮ ಕರಾವಳಿಯಲ್ಲಿ ಹೊರಟರೆ ಮೂರು ದಾರಿ ಕಾಣುತ್ತವೆ. ದಂಡೆಯಲ್ಲಿ ಮಗುಚಿಟ್ಟಿರುವ ಹಳೇ ಮರದ ದೋಣಿ ಕೊಂಡು ದುರಸ್ತಿ ಮಾಡುವುದು ಒಂದು. ಮೀನುಗಾರರು ಬಳಸಿ ಬಿಟ್ಟ ಫೈಬರ್ ಪಾತಿಗೆ, ಅಂದರೆ ಕಿರಿದಾದ ಸಣ್ಣ ದೋಣಿಗೆ, ಹಾಯಿ ಕಟ್ಟುವುದು ಇನ್ನೊಂದು. ಮರೀನ್ ಪ್ಲೈವುಡ್ ತಂದು ಹೊಸದಾಗಿ ಕಟ್ಟುವುದು ಮೂರನೆಯದು. ಯಾವುದು ಅಗ್ಗ, ಯಾವುದು ಚೆಂದ ಅನ್ನುವ ಲೆಕ್ಕದಲ್ಲೇ ಹೆಚ್ಚಿನವರು ಆರಿಸುತ್ತಾರೆ. ನಾನು ಮೊದಲು ಕೇಳುವುದು ಬೇರೆ: ನೀವು ದೋಣಿ ಬಿಡದ ದಿನ ಅದು ಎಲ್ಲಿರುತ್ತದೆ? ವಾರದ ಆರು ದಿನ, ಮಳೆಗಾಲದ ನಾಲ್ಕು ತಿಂಗಳು, ಅದು ನೀರಲ್ಲೋ, ಮರಳ ಮೇಲೋ, ಮನೆಯ ಶೆಡ್ಡಿನಲ್ಲೋ?

ಹಲಗೆ ಜೋಡಿಸಿ ಕಟ್ಟಿದ ಹಳೇ ಮಾದರಿಯ ದೋಣಿ ಒದ್ದೆಯಾಗಿರಬೇಕು. ನೀರು ಕುಡಿದ ಹಲಗೆ ಉಬ್ಬಿ ಒಂದಕ್ಕೊಂದು ಒತ್ತಿಕೊಂಡರೆ ಮಾತ್ರ ಸಂದು ಮುಚ್ಚುತ್ತದೆ. ದಿನಾ ಕಡಲಿಗೆ ಹೋಗುವವನಿಗೆ ಅದು ಸಮಸ್ಯೆಯೇ ಅಲ್ಲ. ಭಾನುವಾರ ಮಾತ್ರ ಹೋಗುವವನ ದೋಣಿ ಮಾರ್ಚ್ ತಿಂಗಳ ಬಿಸಿಲಲ್ಲಿ ಒಂದು ವಾರ ಒಣಗಿದರೆ ಸಂದುಗಳು ಬಾಯಿ ಬಿಡುತ್ತವೆ, ಪ್ರತಿ ಭಾನುವಾರವೂ ಅರ್ಧ ದಿನ ನೀರು ಚೆಲ್ಲುವುದೇ ಆಗುತ್ತದೆ. ಹಾಗಾದರೆ ನೀರಲ್ಲೇ ಕಟ್ಟಿಡೋಣ ಅಂದರೆ ಉಪ್ಪುನೀರಿನ ಮರಕೊರಕ ಹುಳ ಕಾದಿರುತ್ತದೆ. ಪ್ಲೈವುಡ್ ಮತ್ತು ಎಪಾಕ್ಸಿ ಎಂಬ ಗಟ್ಟಿ ಅಂಟಿನಿಂದ ಕಟ್ಟಿದ ದೋಣಿಯ ಸ್ವಭಾವ ಇದಕ್ಕೆ ತಿರುಗುಮುರುಗು. ಅದು ಒಣಗಿದ್ದಷ್ಟೂ ಬಾಳುತ್ತದೆ. ಫೈಬರ್ ಎರಡನ್ನೂ ತಾಳುತ್ತದೆ, ಬಿಸಿಲೊಂದನ್ನು ಬಿಟ್ಟು. ಇಷ್ಟು ಗೊತ್ತಾದರೆ ಅರ್ಧ ಆಯ್ಕೆ ಮುಗಿದ ಹಾಗೆ.

ಹಳೇ ಮರದ ದೋಣಿ

ಮರದ ದೋಣಿಯ ಮೇಲೆ ನನಗೆ ಪ್ರೀತಿ ಜಾಸ್ತಿ, ಅದಕ್ಕೇ ಇದರ ಬಗ್ಗೆ ಬಿಗಿಯಾಗಿ ಮಾತಾಡುತ್ತೇನೆ. ನಮ್ಮಲ್ಲಿ ಸಿಗುವುದು ಹೆಚ್ಚಾಗಿ ಎರಡು ಬಗೆ: ಮಾವಿನಂಥ ದೊಡ್ಡ ಮರದ ಒಂದೇ ದಿಮ್ಮಿ ಕೊರೆದು ಮಾಡಿದ ಪಾತಿ, ಮತ್ತು ಹಲಗೆ ಕೂಡಿಸಿ ಕಟ್ಟಿದ ನಾಡದೋಣಿ. ಪಾತಿ ಕಿರಿದು. ಅದಕ್ಕೆ ಹಾಯಿ ಏರಿಸಬೇಕಾದರೆ ಪಕ್ಕಕ್ಕೆ ತೇಲುಮರ ಕಟ್ಟಲೇಬೇಕು, ಇಲ್ಲದಿದ್ದರೆ ಮೊದಲ ಜೋರುಗಾಳಿಗೇ ಮಗುಚುತ್ತದೆ. ಹಲಗೆ ದೋಣಿಗೆ ಅಗಲವಿದೆ. ದುರಸ್ತಿಗೆ ಕೈಹಾಕುವುದಾದರೆ ನನ್ನ ಮತ ಅದಕ್ಕೇ, ಅದೂ ಹೆಬ್ಬಲಸಿನದೋ ಸಾಗವಾನಿಯದೋ ಆಗಿದ್ದರೆ.

ಕೊಳ್ಳುವ ಮುಂಚಿನ ಪರೀಕ್ಷೆಗೆ ಒಂದಿಡೀ ಬೆಳಿಗ್ಗೆ ಕೊಡಿ. ಕಾಳಿ ನದಿಯ ದಂಡೆಯಲ್ಲಿ ಒಂದು ದೋಣಿ ನೋಡುವಾಗ ಜೊತೆಗಿದ್ದ ಹಿರಿಯ ಮೇಸ್ತ್ರಿ ಹೇಳಿದ ಮಾತು ಮರೆಯುವಂಥದ್ದಲ್ಲ: "ತಮಾ, ಬಣ್ಣ ನೋಡಬ್ಯಾಡ. ಒಳಗೆ ತಲೆ ಹಾಕಿ ವಾಸನೆ ನೋಡು." ಕೊಳೆತ ಮರದ ಹುಳಿ ವಾಸನೆ ಎಷ್ಟು ಬಣ್ಣ ಬಳಿದರೂ ಅಡಗುವುದಿಲ್ಲ. ಆಮೇಲೆ ಅವರು ಚೂಪಾದ ದಬ್ಬಣ ತೆಗೆದು ತಳದ ಬೆನ್ನುಮರಕ್ಕೂ ಮೊದಲ ಹಲಗೆಗೂ ನಡುವಿನ ಸಂದಿನುದ್ದಕ್ಕೂ ಗೇಣಿಗೊಂದು ಕಡೆ ಒತ್ತುತ್ತಾ ಹೋದರು. ಗಟ್ಟಿ ಮರದಲ್ಲಿ ದಬ್ಬಣ ತುದಿಯಷ್ಟೇ ಇಳಿದು ನಿಲ್ಲುತ್ತದೆ. ಹಿಂಬದಿಯ ಹತ್ತಿರ ಒಂದು ಕಡೆ ಅದು ಸದ್ದಿಲ್ಲದೆ ಅರ್ಧ ಬೆರಳು ಒಳಗೆ ಹೋಯಿತು. ಹೊರಗಿನಿಂದ ಅಲ್ಲಿ ಕಂಡದ್ದು ಗುಂಡುಸೂಜಿ ಚುಚ್ಚಿದಂಥ ಎರಡು ತೂತು ಮಾತ್ರ. ಮರಕೊರಕದ ರೀತಿಯೇ ಅದು. ಮರಿಯಾಗಿದ್ದಾಗ ಸಣ್ಣ ತೂತಿನಿಂದ ಒಳಹೊಕ್ಕು, ಒಳಗೇ ಬೆಳೆದು, ಹಲಗೆಯುದ್ದಕ್ಕೂ ಸುರಂಗ ಕೊರೆಯುತ್ತದೆ. ಹುಳ ಅಂತ ಕರೆದರೂ ಅದು ಚಿಪ್ಪುಜೀವಿಗಳ ಜಾತಿಯದು, ಬಳಚಿನ ನೆಂಟ. ಸಿಹಿನೀರಲ್ಲಿ ಬಹಳ ದಿನ ಬದುಕುವುದಿಲ್ಲ. ಮಳೆಗಾಲದಲ್ಲಿ ನದಿ ತುಂಬಿ ಅಳಿವೆಯ ನೀರು ಸಪ್ಪೆಯಾದಾಗ ಅದರ ಕಾಟ ತಗ್ಗಿ, ಉಪ್ಪು ಏರಿದಂತೆ ಮತ್ತೆ ಶುರುವಾಗುತ್ತದೆ.

ಒಂದೆರಡು ಹಲಗೆ ಹೋಗಿದ್ದರೆ ಹೆದರಬೇಕಿಲ್ಲ, ಹಲಗೆ ಬದಲಿಸಬಹುದು. ಒಳಗಿನ ಪಕ್ಕೆಗಳಲ್ಲಿ ಮೂರನೇ ಒಂದು ಭಾಗ ಮೆತ್ತಗಾಗಿದ್ದರೂ ಒಂದೊಂದಾಗಿ ಪಕ್ಕದಲ್ಲಿ ಹೊಸದನ್ನು ಕೂಡಿಸಬಹುದು. ಬೆನ್ನುಮರವೋ ಮೂತಿಯ ಮರವೋ ಕೊಳೆತಿದ್ದರೆ ಮಾತ್ರ ಬಿಟ್ಟುಬಿಡಿ. ಅದನ್ನು ಬದಲಿಸುವುದು ಅಂದರೆ ಹೊಸ ದೋಣಿ ಕಟ್ಟುವುದೇ, ಜೊತೆಗೆ ಹಳೆಯದನ್ನು ಬಿಚ್ಚುವ ಕೂಲಿ ಬೇರೆ. ಮೊಳೆಗಳನ್ನೂ ನೋಡಿ. ತಾಮ್ರದ ಮೊಳೆ ಹಸಿರುಗಟ್ಟಿದ್ದರೆ ಚಿಂತೆಯಿಲ್ಲ. ಕಬ್ಬಿಣದ ಮೊಳೆಯಾಗಿದ್ದು ಸುತ್ತಲಿನ ಮರ ಕಪ್ಪಾಗಿ ಪುಡಿಯಾಗುತ್ತಿದ್ದರೆ ಎಲ್ಲ ಮೊಳೆಯ ಜಾಗವೂ ಹಾಗೇ ಇರುತ್ತದೆ ಅಂತ ತಿಳಿಯಿರಿ. ಹೊಸ ಮೊಳೆ ಹೊಡೆಯುವಾಗ ತಾಮ್ರ ಮತ್ತು ಕಬ್ಬಿಣವನ್ನು ಒಂದೇ ಹಲಗೆಯಲ್ಲಿ ಬೆರೆಸಬೇಡಿ, ಉಪ್ಪುನೀರಲ್ಲಿ ಅವೆರಡು ಸೇರಿದರೆ ಕಬ್ಬಿಣ ಬೇಗ ತಿಂದುಹೋಗುತ್ತದೆ.

ಇಲ್ಲಿ ಒಂದು ಮಾತು ಒತ್ತಿ ಹೇಳಬೇಕು. ಸೋರುವ ಹಳೇ ದೋಣಿಗೆ ಹೊರಗಿನಿಂದ ಫೈಬರ್ ಹೊದಿಸಿಬಿಡಿ ಅಂತ ಸಲಹೆ ಕೊಡುವವರು ಎಲ್ಲ ಕಡೆ ಸಿಗುತ್ತಾರೆ. ಅಗ್ಗ, ಎರಡು ದಿನದ ಕೆಲಸ, ನೋಡಲು ಹೊಸದರಂತೆ. ಮಾಡಬೇಡಿ. ವರ್ಷಗಟ್ಟಲೆ ಉಪ್ಪುನೀರು ಕುಡಿದ ಮರಕ್ಕೆ ಫೈಬರ್ ಅಂಟಿಸುವ ಪಾಲಿಯೆಸ್ಟರ್ ರೆಸಿನ್ ಸರಿಯಾಗಿ ಅಂಟುವುದಿಲ್ಲ. ಹಲಗೆ ಉಬ್ಬುತ್ತಾ ಕುಗ್ಗುತ್ತಾ ಇರುವಾಗ ಫೈಬರ್ ಹೊದಿಕೆ ಅಲ್ಲಲ್ಲಿ ಬಿಟ್ಟುಕೊಂಡು, ನಡುವೆ ನೀರು ನಿಂತು, ಮರ ಕಾಣದ ಜಾಗದಲ್ಲಿ ಕೊಳೆಯುತ್ತದೆ. ಚೆನ್ನಾಗಿ ಒಣಗಿಸಿ ಔಷಧ ಕುಡಿಸಿದ ಹೊಸ ಮರಕ್ಕೆ ಹೊದಿಸುವುದು ಬೇರೆ ಮಾತು. ಕೊಚ್ಚಿಯ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆ ರಬ್ಬರ್ ಮರದ ಸಣ್ಣ ದೋಣಿಗಳನ್ನು ಹಾಗೆ ಮಾಡಿ ತೋರಿಸಿದೆ. ಹಳೇ ದೋಣಿಗೆ ಹತ್ತಿಯ ಎಳೆ, ರಾಳ, ಮೀನೆಣ್ಣೆ, ಗೇರುಸಿಪ್ಪೆ ಎಣ್ಣೆ, ಇವೇ ಸರಿ. ಅವು ಮರದ ಜೊತೆ ಅಲುಗಾಡುತ್ತವೆ, ವರ್ಷಕ್ಕೊಮ್ಮೆ ಹೊಸದಾಗಿ ಹಾಕಬಹುದು.

ಈ ಕೆಲಸಕ್ಕೆ ಜೊತೆಗೊಬ್ಬ ಅನುಭವಸ್ಥ ಮೇಸ್ತ್ರಿ ಬೇಕೇ ಬೇಕು. ಅವರು ಸಿಗುವ ಕಾಲ ನೋಡಿಕೊಳ್ಳಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ ಇರುವಾಗ ಬೋಟುಗಳೆಲ್ಲ ದಡಕ್ಕೆ ಬಂದು ದುರಸ್ತಿಯ ಅವಸರ ಶುರುವಾಗುತ್ತದೆ. ನಿಮ್ಮ ಹವ್ಯಾಸದ ದೋಣಿಗೆ ಆಗ ಅವರಿಗೆ ಪುರಸೊತ್ತು ಇರುವುದಿಲ್ಲ, ಇರಬೇಕೆಂದು ಕೇಳುವುದೂ ಸರಿಯಲ್ಲ. ನವೆಂಬರ್ ನಂತರ ಹೋಗಿ ಮಾತಾಡಿ.

ಫೈಬರ್ ಪಾತಿಗೆ ಹಾಯಿ

ಮೂರರಲ್ಲಿ ಬೇಗ ನೀರಿಗಿಳಿಯುವುದು ಇದೇ. ನಾಣ್ಯದಿಂದ ಮೈಯೆಲ್ಲ ತಟ್ಟಿ ನೋಡಿ. ಟಣ್ ಅನ್ನುವಲ್ಲಿ ಗಟ್ಟಿ, ಡಬ್ ಅನ್ನುವಲ್ಲಿ ಪದರ ಬಿಟ್ಟಿದೆ. ಎಂಜಿನ್ ಕೂರಿಸುತ್ತಿದ್ದ ಹಿಂಭಾಗದ ಅಡ್ಡಗೋಡೆಯೊಳಗೆ ಪ್ಲೈವುಡ್ ಇಟ್ಟಿರುತ್ತಾರೆ, ಬೋಲ್ಟಿನ ತೂತಿನಿಂದ ನೀರಿಳಿದು ಅದು ಕೊಳೆತಿರುವುದೇ ಹೆಚ್ಚು. ಅಲ್ಲೇ ಚುಕ್ಕಾಣಿ ಕೂರಬೇಕಾದ್ದರಿಂದ ಅದನ್ನು ತೆಗೆದು ಹೊಸದು ಹಾಕದೆ ಮುಂದುವರಿಯಬೇಡಿ.

ದೊಡ್ಡ ತೊಡಕು ಆಕಾರದ್ದು. ಹುಟ್ಟು ಹಾಕಲು, ಎಂಜಿನ್ನಿಗೆ, ಬಲೆ ಎಳೆಯಲು ಮಾಡಿದ ಚಪ್ಪಟೆ ತಳ ಅದು. ಹಾಯಿ ಬಿಚ್ಚಿದರೆ ಮುಂದೆ ಹೋಗುವಷ್ಟೇ ಪಕ್ಕಕ್ಕೂ ಜಾರುತ್ತದೆ, ಗಾಳಿಗೆದುರು ಮೇಲೇರುವುದೇ ಇಲ್ಲ. ತಳ ಕೊಯ್ದು, ಪಕ್ಕಕ್ಕೆ ಜಾರುವುದನ್ನು ತಡೆಯುವ ನಡುಹಲಗೆ ಇಳಿಸುವ ಪೆಟ್ಟಿಗೆ ಕೂರಿಸುವ ಬದಲು ಪಕ್ಕದ ಅಂಚಿಗೆ ತಿರುಗುವ ಹಲಗೆಯೊಂದನ್ನು ತೂಗುಹಾಕುವುದು ಸುಲಭ: ಸೋರುವ ಭಯವಿಲ್ಲ, ಮರಳಿಗೆ ತಾಗಿದರೆ ತಾನೇ ಮೇಲೇಳುತ್ತದೆ. ಇಷ್ಟು ಮಾಡಿದರೂ ಒಳ್ಳೆಯ ಹಾಯಿದೋಣಿಯ ಚುರುಕು ಬರುವುದಿಲ್ಲ. ಗಾಳಿ ಬಂದತ್ತ ಹೋಗಿ, ಹುಟ್ಟು ಹಾಕಿಕೊಂಡು ವಾಪಸ್ ಬರಲು ತಯಾರಿರುವವರಿಗೆ ಇದು ಸಾಕು.

ರೆಸಿನ್ ಕೆಲಸದಲ್ಲಿ ಎಚ್ಚರಿಕೆ: ರೆಸಿನ್ನನ್ನು ಗಟ್ಟಿಯಾಗಿಸುವ ದ್ರವವನ್ನೂ ಆ ಕೆಲಸವನ್ನು ಚುರುಕುಗೊಳಿಸುವ ಕೋಬಾಲ್ಟ್ ದ್ರವವನ್ನೂ ನೇರವಾಗಿ ಒಂದಕ್ಕೊಂದು ಬೆರೆಸಿದರೆ ಬೆಂಕಿ, ಸ್ಫೋಟ ಎರಡೂ ಆಗಬಹುದು. ಮೊದಲು ಕೋಬಾಲ್ಟನ್ನು ರೆಸಿನ್ನಿಗೆ ಪೂರ್ತಿ ಬೆರೆಸಿ, ಆಮೇಲೆ ಇನ್ನೊಂದನ್ನು ಶೇ. 1ರಿಂದ 2ರಷ್ಟು ಹಾಕಬೇಕು. ಗಟ್ಟಿಯಾಗಿಸುವ ದ್ರವ ಕಣ್ಣಿಗೆ ಸಿಡಿದರೆ ದೃಷ್ಟಿಯೇ ಹೋಗಬಹುದು, ರಕ್ಷಣಾ ಕನ್ನಡಕ ಹಾಕದೆ ಡಬ್ಬಿ ಮುಚ್ಚಳ ತೆಗೆಯಬೇಡಿ. ಮರದಂತೆ ಫೈಬರ್ ತಾನಾಗಿ ತೇಲುವುದಿಲ್ಲ ಅನ್ನುವುದೂ ನೆನಪಿರಲಿ. ಮುಂದೆ ಹಿಂದೆ ಗಾಳಿ ತುಂಬಿದ ಮುಚ್ಚಿದ ಪೆಟ್ಟಿಗೆಗಳು ಬೇಕು. ಒಳಗೆ ಥರ್ಮೋಕೋಲ್ ತುಂಬುವುದಾದರೆ ಪಾಲಿಯೆಸ್ಟರ್ ರೆಸಿನ್ ತಾಗದಂತೆ ನೋಡಿಕೊಳ್ಳಿ, ತಾಗಿದರೆ ಅದು ಕರಗಿಹೋಗುತ್ತದೆ.

ಪ್ಲೈವುಡ್ ಮತ್ತು ಎಪಾಕ್ಸಿ

ಮೊದಲ ಸಲ ಕೈಹಾಕುವವರಿಗೆ ನಾನು ಹೇಳುವುದು ಇದನ್ನೇ. ಹಾಳೆಗಳನ್ನು ನಕ್ಷೆಯ ಪ್ರಕಾರ ಕೊಯ್ದು, ಅಂಚಿನಲ್ಲಿ ತೂತು ಕೊರೆದು, ತಾಮ್ರದ ತಂತಿಯಿಂದ ಒಂದಕ್ಕೊಂದು ಹೊಲಿದು ಬಿಗಿದರೆ ದೋಣಿಯ ಆಕಾರ ತಾನಾಗಿ ಎದ್ದು ನಿಲ್ಲುತ್ತದೆ. ಒಳಮೂಲೆಗೆ ಎಪಾಕ್ಸಿ ತುಂಬಿ, ಗಾಜಿನ ಬಟ್ಟೆಯ ಪಟ್ಟಿ ಅಂಟಿಸಿ, ಒಣಗಿದ ಮೇಲೆ ತಂತಿ ಕತ್ತರಿಸುವುದು. ಬಡಗಿಯ ಕೈಚಳಕ ಬೇಕಿಲ್ಲ, ತಾಳ್ಮೆ ಬೇಕು. ಬ್ಯಾರಿ ಬಕ್ನೆಲ್ ಮತ್ತು ಜಾಕ್ ಹೋಲ್ಟ್ ರೂಪಿಸಿ, 1963ರಲ್ಲಿ ಇಂಗ್ಲೆಂಡಿನಲ್ಲಿ ಹೊರಬಂದ ಮಿರರ್ ದೋಣಿ ಈ ವಿಧಾನವನ್ನು ಮನೆಮನೆಗೆ ತಲುಪಿಸಿತು. 3.3 ಮೀಟರ್ ಉದ್ದದ ಆ ದೋಣಿಗಳು 70,000ದಷ್ಟು ತಯಾರಾಗಿವೆ. ಅದಕ್ಕಿಂತ ಸಣ್ಣದು ಬೇಕಾದರೆ ಆಪ್ಟಿಮಿಸ್ಟ್ ಇದೆ. 1947ರಲ್ಲಿ ಕ್ಲಾರ್ಕ್ ಮಿಲ್ಸ್ ಅಮೆರಿಕದ ಫ್ಲಾರಿಡಾದಲ್ಲಿ ಮಕ್ಕಳಿಗಾಗಿ ರೂಪಿಸಿದ್ದು, ಉದ್ದ 2.3 ಮೀಟರ್. ಮಕ್ಕಳಿಗೆ ಅದು ಸರಿ, ದೊಡ್ಡವರಿಗೆ ಮೊಣಕಾಲು ಮಡಚಲು ಜಾಗವಿಲ್ಲ. ಇಬ್ಬರು ಕೂರುವ 10ರಿಂದ 12 ಅಡಿಯದು ನಮ್ಮ ಅಳಿವೆಗಳಿಗೆ ಒಳ್ಳೆಯ ಅಳತೆ.

ಪ್ಲೈವುಡ್ ಕೊಳ್ಳುವಾಗ ಅಂಗಡಿಯವರ ಮಾತಿಗಿಂತ ಹಾಳೆಯ ಮೇಲಿನ ಗುರುತು ಮುಖ್ಯ. ಮರೀನ್ ಪ್ಲೈವುಡ್ಡಿನ ಭಾರತೀಯ ಮಾನದಂಡವಾದ ಐಎಸ್ 710 ಅಂತ ಇರಬೇಕು. ಅದರ ಅಂಟು 72 ಗಂಟೆ ಕುದಿಸಿದರೂ ಬಿಡಬಾರದು ಅನ್ನುವುದು ಆ ಮಾನದಂಡ. ಅಡುಗೆಮನೆ ಕಪಾಟಿಗೆ ಕೊಡುವ ಐಎಸ್ 303 ಹಾಳೆ ನೋಡಲು ಹಾಗೇ ಇರುತ್ತದೆ, ದೋಣಿಗೆ ಬೇಡ. ಗುರುತಿದ್ದರೂ ಒಂದು ತುಂಡನ್ನು ಮನೆಯಲ್ಲಿ ಪಾತ್ರೆಗೆ ಹಾಕಿ ಒಂದಿಡೀ ದಿನ ಕುದಿಸಿ, ಆಮೇಲೆ ಅಡ್ಡಕ್ಕೆ ಕೊಯ್ದು ನೋಡಿ. ಪದರ ಬಿಡಬಾರದು, ನಡುವಿನ ಪದರಗಳಲ್ಲಿ ಖಾಲಿ ಜಾಗ ಕಾಣಬಾರದು. ಒಳಗಿನ ಖಾಲಿ ಜಾಗವೇ ಮುಂದೆ ನೀರು ಸೇರುವ ಜಾಗ.

ಹೊರದೇಶದ ನಕ್ಷೆ ಬಳಸುವವರು ಗಮನಿಸಬೇಕಾದ ವಿಷಯವೊಂದಿದೆ. ಆ ನಕ್ಷೆಗಳು ಹೇಳುವ ತೂಕ ಹಗುರ ಜಾತಿಯ ಪ್ಲೈವುಡ್ಡಿನ ಲೆಕ್ಕ. ನಮ್ಮಲ್ಲಿ ಸಿಗುವ ಗರ್ಜನ್ ಮರದ 6 ಮಿ.ಮೀ. ಹಾಳೆ, 8 ಅಡಿಗೆ 4 ಅಡಿಯದು, ಸುಮಾರು 12 ಕಿಲೋ ತೂಗುತ್ತದೆ. 11 ಅಡಿಯ ದೋಣಿಗೆ ನಾಲ್ಕೈದು ಹಾಳೆ, ಹತ್ತು ಕಿಲೋ ಎಪಾಕ್ಸಿ, ಅಂಚಿನ ಮರ ಎಲ್ಲ ಸೇರಿದರೆ 70 ಕಿಲೋ ದಾಟಬಹುದು. ಇಬ್ಬರು ಎತ್ತಿ ಮರಳ ಮೇಲೆ ಒಯ್ಯಲಾಗದ ದೋಣಿಯನ್ನು ದಂಡೆಯಲ್ಲೇ ಬಿಡುವ ಆಸೆ ಹುಟ್ಟುತ್ತದೆ, ಬಿಟ್ಟರೆ ಪ್ಲೈವುಡ್ಡಿನ ಆಯುಸ್ಸು ಕಡಿಮೆಯಾಗುತ್ತದೆ. ಆದ್ದರಿಂದ ತಳಕ್ಕೆ 6 ಮಿ.ಮೀ. ಇರಲಿ, ಮೇಲ್ಭಾಗಕ್ಕೂ ಕೂರುವ ಪೆಟ್ಟಿಗೆಗಳಿಗೂ 4 ಮಿ.ಮೀ. ಹಾಕಿ.

ಎಪಾಕ್ಸಿಗೆ ನಮ್ಮ ಹವೆಯೇ ಸವಾಲು. ಏಪ್ರಿಲ್ ಮಧ್ಯಾಹ್ನ ದೊಡ್ಡ ಡಬ್ಬಿಯಲ್ಲಿ ಕಲಸಿದರೆ ಬಳಿಯುವ ಮೊದಲೇ ಕಾದು ಹೊಗೆಯಾಡುತ್ತದೆ. ಬೆಳಿಗ್ಗೆ ಹತ್ತರೊಳಗೆ, ಅಂಗೈಯಗಲದ ತಟ್ಟೆಯಲ್ಲಿ, ನೂರಿನ್ನೂರು ಗ್ರಾಮಿನಷ್ಟೇ ಕಲಸಿ. ರೆಸಿನ್ ಮತ್ತು ಹಾರ್ಡನರ್ ಪ್ರಮಾಣವನ್ನು ಕಣ್ಣಳತೆಯಲ್ಲಿ ಹಾಕದೆ ತಕ್ಕಡಿಯಲ್ಲಿ ತೂಗಿ. ಮೂಲೆ ತುಂಬಲು ಮರದ ನುಣ್ಣನೆ ಹುಡಿ ಸೇರಿಸಿ ಉದ್ದಿನ ವಡೆಯ ಹಿಟ್ಟಿನ ಹದಕ್ಕೆ ತರಬೇಕು. ಚಮಚ ಮಗುಚಿದರೆ ಬೀಳಬಾರದು, ಒತ್ತಿ ಎಳೆದರೆ ಬಿರಿಯಬಾರದು. ಆ ಚಮಚದ ಬೆನ್ನಿನಿಂದಲೇ ಮೂಲೆಯುದ್ದಕ್ಕೂ ಒಂದೇ ಎಳೆತಕ್ಕೆ ಎಳೆದರೆ ನಯವಾದ ಇಳಿಜಾರು ಬರುತ್ತದೆ, ಪಕ್ಕಕ್ಕೆ ಉಳಿದ ಹೆಚ್ಚುವರಿಯನ್ನು ಮೆತ್ತಗಿರುವಾಗಲೇ ಕೆರೆದು ತೆಗೆಯಿರಿ. ಗಟ್ಟಿಯಾದ ಮೇಲೆ ಉಜ್ಜುವುದು ಅಂದರೆ ಇಡೀ ದಿನದ ದೂಳು. ತೇವದ ದಿನ ಹಾಕಿದ ಎಪಾಕ್ಸಿಯ ಮೇಲೆ ಜಿಡ್ಡಿನ ಪದರ ಬರುತ್ತದೆ. ಅದನ್ನು ಬರೀ ನೀರು ಮತ್ತು ಉಜ್ಜುವ ಪ್ಯಾಡಿನಿಂದ ತೊಳೆದು ಒಣಗಿಸಿ ಮುಂದಿನ ಕೋಟು ಹಾಕಿ, ಇಲ್ಲದಿದ್ದರೆ ಬಣ್ಣ ಸಿಪ್ಪೆಯಂತೆ ಏಳುತ್ತದೆ. ಕೈಗವಸು ಕಡ್ಡಾಯ. ಎಪಾಕ್ಸಿ ಅಲರ್ಜಿ ಒಮ್ಮೆ ಹತ್ತಿದರೆ ಬಿಡುವುದಿಲ್ಲ. ಬಿಸಿಲಿಗೆ ಎಪಾಕ್ಸಿ ಪುಡಿಯಾಗುವುದರಿಂದ ಮೇಲೆ ಒಳ್ಳೆಯ ಬಣ್ಣ ಬೇಕೇ ಬೇಕು.

ಶಿರಸಿ, ಸಿದ್ದಾಪುರ ಕಡೆಯವರಿಗೆ ಇಲ್ಲೊಂದು ಅನುಕೂಲ ಇದೆ. ಡಿಸೆಂಬರಿನಿಂದ ಮಾರ್ಚ್‌ವರೆಗೆ ಘಟ್ಟದ ಮೇಲಿನ ಗಾಳಿ ಕರಾವಳಿಗಿಂತ ಒಣ. ಅಡಿಕೆ ಕೊಯ್ಲು ಮುಗಿದ ಮೇಲೆ ಖಾಲಿಯಾಗುವ ಶೆಡ್ಡಿನಷ್ಟು ಒಳ್ಳೆಯ ದೋಣಿಮನೆ ಬೇರಿಲ್ಲ. ಅಲ್ಲೇ ಕಟ್ಟಿ ಪಿಕಪ್ ಮೇಲೆ ಹೇರಿ ದೇವಿಮನೆ ಘಟ್ಟ ಇಳಿದರೆ ಕುಮಟಾ. ಅಂಚಿನ ಪಟ್ಟಿಗೆ ಸಾಗವಾನಿ ಬೇಕಾದರೆ ರಸೀದಿ ಕೊಡುವ ಡಿಪೊದಿಂದಲೋ ಮಿಲ್ಲಿನಿಂದಲೋ ತನ್ನಿ, ಸಾಗಿಸುವಾಗ ಕಾಗದ ಜೊತೆಗಿರಲಿ. ಮೊದಲ ಹಾಯಿಯನ್ನು ಅಡಿಕೆಗೆ ಹೊದಿಸುವ ಸಿಲ್ಪಾಲಿನ್ನಿನಲ್ಲೇ ಮಾಡಬಹುದು. ಅಂಚಿನೊಳಗೆ ಹಗ್ಗ ಇಟ್ಟು ಮಡಚಿ, ಎರಡೂ ಬದಿ ಅಂಟುವ ಟೇಪು ಹಾಕಿ, ಮೇಲೆ ಹೊಲಿಗೆ. ಒಂದು ಋತು ಬರುತ್ತದೆ. ನಿಮ್ಮ ದೋಣಿಗೆ ಎಷ್ಟು ಹಾಯಿ ಬೇಕು ಅನ್ನುವುದು ಅಷ್ಟರಲ್ಲಿ ಗೊತ್ತಾಗಿ, ಹಾಯಿಗೆ ಬಳಸುವ ಡಕ್ರಾನ್ ಬಟ್ಟೆಗೆ ದುಡ್ಡು ಹಾಕುವಾಗ ಅಳತೆ ಕೈಯಲ್ಲಿರುತ್ತದೆ. ಹಾಯಿಯ ಮೇಲಿನ ಅಡ್ಡಗಳುವಿಗೆ ಒಣಗಿದ ಗಟ್ಟಿ ಬಿದಿರು ಸಾಕು.

ಹೊಲಿದ ದೋಣಿಯ ಆಸೆ

2025ರ ಮೇ 21ರಂದು ಕಾರವಾರದ ನೌಕಾನೆಲೆಯಲ್ಲಿ ಐಎನ್‌ಎಸ್‌ವಿ ಕೌಂಡಿನ್ಯ ನೌಕಾಪಡೆಗೆ ಸೇರಿತು. ಅಜಂತಾದ ಭಿತ್ತಿಚಿತ್ರವೊಂದನ್ನು ಆಧರಿಸಿ, ಕೇರಳದ ಬಾಬು ಶಂಕರನ್ ಮತ್ತು ಅವರ ಕುಶಲಕರ್ಮಿಗಳು ಗೋವಾದಲ್ಲಿ ತೆಂಗಿನ ನಾರಿನ ಹಗ್ಗದಿಂದ ಹಲಗೆ ಹೊಲಿದು ಕಟ್ಟಿದ ಹಾಯಿಹಡಗು ಅದು. ಅದನ್ನು ಕಂಡವರಿಗೆ ತಾವೂ ಹಾಗೇ ಹೊಲಿಯಬೇಕು ಅನ್ನಿಸುವುದು ಸಹಜ. ಆ ವಿದ್ಯೆ ಬಲ್ಲವರ ಪಕ್ಕದಲ್ಲಿ ಕೂತು ಕಲಿಯುವ ಅವಕಾಶ ಸಿಕ್ಕರೆ ಬಿಡಬೇಡಿ. ಪುಸ್ತಕ, ವಿಡಿಯೊ ನೋಡಿ ಒಬ್ಬರೇ ಮೊದಲ ದೋಣಿಯನ್ನು ಹಾಗೆ ಕಟ್ಟುವುದಕ್ಕೆ ಮಾತ್ರ ನನ್ನ ಒಪ್ಪಿಗೆ ಇಲ್ಲ. ಹಲಗೆ ಬಾಗಿಸುವುದರಲ್ಲೇ ಮರ ವ್ಯರ್ಥವಾಗುತ್ತದೆ.

ಯಾವ ನೀರಿಗೆ ಯಾವುದು

ಅಘನಾಶಿನಿಯ ಅಳಿವೆ ಅಗಲ, ಆದರೆ ಇಳಿತದಲ್ಲಿ ಬಳಚು ಆರಿಸುವ ಕೆಸರುಬಯಲು ತೆರೆದುಕೊಳ್ಳುತ್ತದೆ. ಅಲ್ಲಿಗೆ ನಡುಹಲಗೆ ಮೇಲೆತ್ತಬಹುದಾದ ಪ್ಲೈವುಡ್ ದೋಣಿಯೇ ಮೇಲು. ಅದೃಷ್ಟಕ್ಕೆ ಈ ನದಿ ಹುಟ್ಟುವುದೂ ಶಿರಸಿಯಲ್ಲೇ, ಅಲ್ಲಿ ಕಟ್ಟಿದ ದೋಣಿ ಅದೇ ನೀರಿಗೆ ಇಳಿಯುತ್ತದೆ. ಶರಾವತಿಯಲ್ಲಿ ಹೊನ್ನಾವರದ ಕಾಂಡ್ಲಾ ಕಾಡಿನ ಸುತ್ತಮುತ್ತ ಚೆಂದ, ಅಳಿವೆಯ ಬಾಯಿಯ ಮರಳದಿಬ್ಬದತ್ತ ಸಣ್ಣ ದೋಣಿ ಒಯ್ಯಬಾರದು. ಕಾಳಿಯಲ್ಲಿ ಸದಾಶಿವಗಡ ಮತ್ತು ಕೋಡಿಬಾಗದ ನಡುವೆ ಗಾಳಿಗೆ ಕೊರತೆಯಿಲ್ಲ. ಬೆಳಿಗ್ಗೆ ನೆಲದ ಕಡೆಯಿಂದ ತೆಳುಗಾಳಿ, ಮಧ್ಯಾಹ್ನ ವಾಯವ್ಯದಿಂದ ಕಡಲಗಾಳಿ. ಅಲ್ಲಿ ಸೇತುವೆ ಕೆಳಗೆ ಸೆಳೆತ ಜೋರು, 2024ರ ಆಗಸ್ಟಿನಲ್ಲಿ ಹಳೇ ಸೇತುವೆ ಕುಸಿದ ಜಾಗದಿಂದ ದೂರವಿರಿ. ಮಿರರ್ ದೋಣಿಯಂತೆ ಹಾಯಿಕಂಬವನ್ನು ಗಿಡ್ಡ ಕಂಬ, ಅದರ ಮೇಲೆ ಏರಿಸುವ ಗಳು ಎಂದು ಎರಡು ತುಂಡಾಗಿ ಮಾಡಿಕೊಂಡರೆ ಬೇಕಾದಾಗ ಗಿಡ್ಡ ಮಾಡಬಹುದು, ಸಾಗಿಸುವಾಗ ದೋಣಿಯೊಳಗೇ ಹಿಡಿಯುತ್ತದೆ. ಕಾರವಾರದ ಅರ್ಗಾ, ಅಂಜುದೀವ್ ದ್ವೀಪದ ಕಡೆ ನೌಕಾಪಡೆಯ ನಿರ್ಬಂಧವಿದೆ, ಆ ದಿಕ್ಕೇ ಬೇಡ. ನೋಂದಣಿ ಬೇಕೋ ಬೇಡವೋ ಅಂತ ಬಂದರು ಇಲಾಖೆಯ ಕಚೇರಿಯಲ್ಲಿ ದೋಣಿ ಕಟ್ಟುವ ಮೊದಲೇ ಕೇಳಿ, ಮೀನುಗಾರರ ಲಂಗರು ಹಾಕುವ ಜಾಗವನ್ನೂ ಅವರಿಂದಲೇ ತಿಳಿದುಕೊಳ್ಳಿ.

ಹೀಗಾಗಿ ನೀರಿನಂಚಿನಲ್ಲೇ ಮನೆಯಿದ್ದು, ದಿನಾ ದೋಣಿ ಮುಟ್ಟುವವರು, ನೆರೆಯಲ್ಲೊಬ್ಬ ಮೇಸ್ತ್ರಿ ಇರುವವರು ಹಳೇ ಮರದ ದೋಣಿಗೆ ಕೈಹಾಕಲಿ. ಅಂಥವರ ಕೈಯಲ್ಲಿ ಅದು ಉಳಿದರೆ ನನಗೆ ತುಂಬಾ ಸಂತೋಷ. ಮಕ್ಕಳಿಗೆ ಈ ರಜೆಯಲ್ಲೇ ಗಾಳಿಯ ರುಚಿ ಹತ್ತಿಸಬೇಕು ಅನ್ನುವವರಿಗೆ ಫೈಬರ್. ವಾರಕ್ಕೊಮ್ಮೆ ಬಿಡುವು, ಮನೆಯಲ್ಲೊಂದು ಶೆಡ್ಡು, ಕಲಿಯುವ ಆಸೆ ಇರುವವರಿಗೆ ಪ್ಲೈವುಡ್. ಅಕ್ಟೋಬರಿನಲ್ಲಿ ಹಾಳೆ ಕೊಯ್ದರೆ ಫೆಬ್ರವರಿಗೆ ನೀರಿಗಿಳಿಸುವ ಅವಕಾಶವಿದೆ.

ಯಾವುದನ್ನೇ ಮಾಡಿ, ಮೊದಲ ದಿನ ಹಾಯಿ ಕಟ್ಟಬೇಡಿ. ಭರತ ನಿಂತ ಹೊತ್ತು ನೋಡಿ ಸೊಂಟದಾಳದ ನೀರಿಗೆ ಒಯ್ದು, ಲೈಫ್‌ಜಾಕೆಟ್ ಹಾಕಿಕೊಂಡು, ಬೇಕಂತಲೇ ದೋಣಿ ಮಗುಚಿ. ಒಳಗೆ ನೀರು ತುಂಬಿದ ಮೇಲೂ ಇಬ್ಬರ ಭಾರ ಹೊತ್ತು ತೇಲುತ್ತದೆಯೇ, ನೀವೇ ಅದನ್ನು ನೆಟ್ಟಗೆ ಮಾಡಿ ಹತ್ತಿ ನೀರು ಚೆಲ್ಲಬಲ್ಲಿರೇ ನೋಡಿ. ಆಗದಿದ್ದರೆ ಗಾಳಿಪೆಟ್ಟಿಗೆ ಹೆಚ್ಚಿಸಿ ಇನ್ನೊಮ್ಮೆ ಮಗುಚಿ ನೋಡಿ. ಆದಮೇಲೆ ಹಾಯಿ ಕಟ್ಟಿ.